ಅರವತ್ತೆಂಟು ಕೆಜಿ ಸವಾರ

ತರಗುಪೇಟೆಯಲ್ಲಿ ನಮ್ಮದು ಬೇಳೆ ಅಂಗಡಿ. ಒಂದು ಬೆಳಿಗ್ಗೆ ಮೂವತ್ತರ ಆಸುಪಾಸಿನವನೊಬ್ಬ ಅಂಗಡಿ ಮುಂದೆ ಸೈಕಲ್ ನಿಲ್ಲಿಸಿ, ಸೀಟಿನ ಕೆಳಗಿದ್ದ ಶಾಕ್ ಅಬ್ಸಾರ್ಬರ್‌ಗೆ ಪುಟ್ಟ ಪಂಪಿನಿಂದ ಗಾಳಿ ಹೊಡೀತಿದ್ದ. ಏನಪ್ಪ ಇದು ಅಂತ ಕೇಳಿದೆ.

"ಬೆಟ್ಟದಿಂದ ಇಳಿಸೋ ಸೈಕಲ್ ಅಜ್ಜಿ. ಕಂಪನಿಯವರ ಪಟ್ಟೀಲಿ ಬರೆದಷ್ಟೇ ಗಾಳಿ ಹಾಕಿದೀನಿ. ಆದ್ರೂ ಕಲ್ಲಿನ ಮೇಲಿಂದ ಹಾರಿದಾಗ ಶಾಕ್ ಪೂರ್ತಿ ಕುಸಿದು ಢಕ್ ಅಂತ ಬಡಿಯತ್ತೆ. ಹೋದ ವಾರ ನನ್ನನ್ನ ಎತ್ತಿ ಎಸೀತು. ಭಾನುವಾರ ರೇಸ್ ಬೇರೆ ಇದೆ."

"ಎಷ್ಟು ಗಾಳಿ ಅಂತ ಹೇಗೆ ಗೊತ್ತಾಗತ್ತೆ?"

"ನಮ್ಮ ತೂಕ ನೋಡಿ ಹಾಕೋದು. ನಾನು ಅರವತ್ತೆಂಟು ಕೆಜಿ."

ಮೂಟೆ ನೋಡಿ ತೂಕ ಹೇಳೋದು ನನಗೆ ಅಭ್ಯಾಸ. "ಸುಳ್ಳು. ಮೂಟೆ ತೂಗೋ ಆ ತಕ್ಕಡಿ ಮೇಲೆ ನಿಂತ್ಕೊ ನೋಡೋಣ," ಅಂದೆ.

ಎಂಬತ್ತೊಂದು! ಅವನ ಮುಖ ಕೆಂಪಾಯ್ತು.

"ಹೆಲ್ಮೆಟ್ಟು, ಬ್ಯಾಗು, ಶೂ ಎಲ್ಲ ಸೇರಿ ಅಜ್ಜಿ..."

"ಅವನ್ನೆಲ್ಲ ಹೊತ್ಕೊಂಡು ಇಳಿಯೋದು ಮತ್ಯಾರು, ನಾನಾ?"

ಅವನು ಎಂಬತ್ತೊಂದಕ್ಕೆ ಸರಿಯಾಗಿ ಗಾಳಿ ಹೊಡೆದ. ನಾನು ಹ್ಯಾಂಡಲ್ ಹಿಡಿದೆ, ಅವನು ಹತ್ತಿ ಕೂತ. ಶಾಕ್ ಕಾಲುಭಾಗ ಮಾತ್ರ ಕುಗ್ಗಿ ನಿಂತಿತು. ಅಷ್ಟೇ ಕುಗ್ಗಬೇಕಂತೆ. ಫುಟ್‌ಪಾತ್ ಮೇಲಿಂದ ನಾಲ್ಕು ಸಲ ಹಾರಿಸಿ ನೋಡಿದ, ಒಂದು ಸಲಾನೂ ಬಡಿಯಲಿಲ್ಲ.

ಖುಷಿಯಾಗಿ, "ನೀವೂ ಒಂದ್ಸಲ ತೂಕ ನೋಡ್ಕೊಳಿ ಅಜ್ಜಿ," ಅಂದ.

"ಅಂಗಡಿ ಮುಚ್ಚೋ ಹೊತ್ತಾಯ್ತಪ್ಪ," ಅಂದೆ. ಆಗಿನ್ನೂ ಬೆಳಿಗ್ಗೆ ಹತ್ತೂವರೆ.