ಹಿಂದೆ ಕೂತ ಅಳುಮೋರೆಯ ದೇವದೂತ

ಇಡೀ ಇಟಲಿಗೆ ಕಾಗದದಲ್ಲಿ ಸಂತರ ಮೂರ್ತಿಗಳನ್ನು ಮಾಡಿಕೊಟ್ಟ ಊರು ನಮ್ಮ ಲೆಚ್ಚೆ. ಒರೊಂಜಾ ಆ ಮೂರ್ತಿ ಮಾಡುವ ಅಂಗಡಿಯೊಂದರಲ್ಲಿ ಇಪ್ಪತ್ತು ವರ್ಷ ಅಂಟು ಕಲಸಿದವಳು. ಹುಲ್ಲು ಕಟ್ಟಿದ ಮೈಗೆ ಕಾಗದ ಅಂಟಿಸುವುದು ಹೆಂಗಸರ ಕೆಲಸ, ಮುಖ ತಿದ್ದುವುದು ಗಂಡಸರ ಕೆಲಸ. ಯಾವನು ಮಾಡಿದ ಕಟ್ಟಳೆಯೋ, ಅವನ ಕೈ ಸೇದಿಹೋಗಲಿ.

ಯಜಮಾನ ಚೆಸಾರಿಯೊನ ಕೈ ನಡುಗತೊಡಗಿದ ವರ್ಷ, ದೇವಮಾತೆಯ ಮೂರ್ತಿಯ ಪಾದದ ಸುತ್ತ ಕೂರಿಸಲು ಐದು ಮರಿ ದೇವದೂತರು ಬೇಕೆಂದು ಪಕ್ಕದ ಹಳ್ಳಿಯವರು ಹೇಳಿಹೋದರು. ನಾಲ್ಕನ್ನು ಅವನೇ ಹೇಗೋ ಮುಗಿಸಿದ. ಐದನೆಯದನ್ನು ಒರೊಂಜಾಳ ಮುಂದಿಟ್ಟ.

"ಮುಖ ಕೆಟ್ರೆ ಸಾಯೋತನಕ ಅಂಟಿನ ಗಡಿಗೇನೇ ನಿಂಗೆ, ತಿಳೀತಾ?"

ಕೆಂಡದಲ್ಲಿ ಕಾಸಿದ ಕಬ್ಬಿಣದ ಚಮಚದಿಂದ ಒತ್ತಿ ಒತ್ತಿ ಅವಳು ಕೆನ್ನೆ ತಂದಳು, ಗಲ್ಲ ತಂದಳು. ನಾಲ್ವರು ತಮ್ಮ ತಂಗಿಯರನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳು ಅವಳು. ಹಗಲೆಲ್ಲ ನಗುವ ಮಗುವನ್ನು ಕಂಡೇ ಇರಲಿಲ್ಲ. ಕೆಳತುಟಿಯನ್ನು ಉಬ್ಬಿಸಿಬಿಟ್ಟಳು. ಇನ್ನೇನು ಅತ್ತೇಬಿಡುವ ಮುಖ.

ಚೆಸಾರಿಯೊ ಹಣೆ ಚಚ್ಚಿಕೊಂಡ. "ಸ್ವರ್ಗದಲ್ಲಿ ಯಾರಾದ್ರೂ ಅಳ್ತಾರೇನೇ? ಪಾಪ ಅರಿಯದ ಕೂಸು ಅದು, ನಗಬೇಕು."

"ಪಾಪ ಅರಿಯದ್ದಕ್ಕೇ ಯಜಮಾನ್ರೇ, ಅಳು ಬಂದ್ರೆ ಮುಚ್ಚಿಡಲ್ಲ."

ತಿದ್ದಲು ಹೊತ್ತಿರಲಿಲ್ಲ, ಮರುದಿನವೇ ಹಬ್ಬದ ಮೆರವಣಿಗೆ. ನಗುವ ನಾಲ್ವರನ್ನು ಮುಂದೆ ಕೂರಿಸಿ ಇದನ್ನು ಮಾತೆಯ ಬೆನ್ನ ಹಿಂದೆ ಸಿಕ್ಕಿಸಿದ. "ಹಿಂದ್ಗಡೆ ಯಾರು ನೋಡ್ತಾರೆ? ನಾಳೆಯಿಂದ ನೀನುಂಟು, ನಿನ್ನ ಗಡಿಗೆ ಉಂಟು," ಅಂದ. ಒರೊಂಜಾ ಮತ್ತೆ ಗಡಿಗೆಯ ಹಿಂದೆ ಹೋಗಿ ಕೂತಳು.

ಗಂಡಸಿನ ಬುದ್ಧಿ ನೋಡಿ. ಮೆರವಣಿಗೆಯಲ್ಲಿ ಸದಾ ಮುಂದೆ ನಡೆದವನಿಗೆ, ಮಾತೆಯ ಹಿಂದೆ ಊರಿನ ಹೆಂಗಸರೆಲ್ಲ ನಡೆಯುತ್ತಾರೆ ಎಂಬುದು ಹೊಳೆಯಲೇ ಇಲ್ಲ. ಮೂರು ಗಂಟೆ ಹೊತ್ತು ಅವರ ಕಣ್ಣೆದುರಿಗಿದ್ದದ್ದು ಆ ಒಂದೇ ಮುಖ.

"ನೋಡ್ರೇ, ಹಾಲು ಬಿಡಿಸಿದಾಗ ನಮ್ಮ ತೆಕ್ಲಾ ಹೀಗೇ ತುಟಿ ಮಾಡಿದ್ಳು," ಎಂದಳೊಬ್ಬಳು. ಮೇಣದಬತ್ತಿ ಹಿಡಿದಿದ್ದ ಮುದುಕಿಯೊಬ್ಬಳು ಕರಿ ಶಾಲಿನಲ್ಲಿ ಕಣ್ಣೊರೆಸಿಕೊಂಡಳು. ತೀರಿಕೊಂಡ ತನ್ನ ಕೂಸನ್ನು ನಲವತ್ತು ವರ್ಷದ ಮೇಲೆ ಆ ಮುಖದಲ್ಲಿ ಕಂಡಿದ್ದಳಂತೆ.

ಸೋಮವಾರ ಹಳ್ಳಿಯ ಹೆಂಗಸರು ಹಿಂಡುಗಟ್ಟಿ ಅಂಗಡಿಗೆ ಬಂದರು. ಚೆಸಾರಿಯೊ ಹೆದರಿ, "ಅದನ್ನ ತೆಗೆದು ಬೇರೆ ಮಾಡಿಕೊಡ್ತೀನಿ ತಾಯಿ," ಅಂದ.

"ಮುಟ್ಟಿದ್ರೆ ನೋಡು," ಎಂದಳು ಆ ಮುದುಕಿ. "ಮುಂದಿನ ನಾಲ್ಕು ನಿಮ್ಮವು. ಅದು ನಮ್ಮದು. ಯಾರ ಕೈ ಅದು, ಅದನ್ನ ಹೇಳು."

ಚೆಸಾರಿಯೊ ಬಾಯಿ ತೆರೆಯುವಷ್ಟರಲ್ಲಿ ಒರೊಂಜಾ ಅಂಟಿನ ಕೈ ಒರೆಸಿಕೊಂಡು ಗಡಿಗೆಯ ಹಿಂದಿನಿಂದ ಎದ್ದು ಬಂದಳು.

"ನನ್ನದು," ಎಂದಳು.

ಯಜಮಾನ ಗಡಿಗೆಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, ಚಮಚವನ್ನು ಕೆಂಡಕ್ಕಿಟ್ಟು, ಅದರ ಹಿಡಿಯನ್ನು ಅವಳ ಕಡೆಗೆ ತಿರುಗಿಸಿದ. ಸಾಯುವತನಕ ಅವಳ ಕೈಯಲ್ಲಿದ್ದದ್ದು ಆ ಚಮಚವೇ.