ಪಕ್ಕಕ್ಕೆ ನೋಡುವ ದುರ್ಬೀನು

ಹಲ್ಲಿನ ಸೆಟ್ಟು ಕಟ್ಟುವುದು ಅವನ ಕಸುಬು. ದಂತವೈದ್ಯರು ಕಳಿಸಿದ ಅಚ್ಚಿಗೆ ತಕ್ಕಂತೆ ಕಟ್ಟಿ, ತೀಡಿ, ಹೊಳಪು ಕೊಡುತ್ತಿದ್ದ. ಬೀದಿಗೆಲ್ಲ ಅವನು ಹಲ್ಲುಮಾಮ. ಮದುವೆಯಾಗಿರಲಿಲ್ಲ, ಅಕ್ಕ-ಭಾವನ ಮನೆಯ ಹಿಂದಿನ ಕೋಣೆಯಲ್ಲಿದ್ದ. "ಊರವರ ಬಾಯಿಗೆಲ್ಲ ಹಲ್ಲು ಕೊಡ್ತಾನೆ, ತಾನು ಮಾತ್ರ ಬಾಯೇ ಬಿಡಲ್ಲ" ಎಂದು ಅಕ್ಕ ಆಡಿಕೊಳ್ಳುತ್ತಿದ್ದಳು.

ಎಲ್ಲೋ ಒಂದು ಸಂಜೆ ಯಾರದೋ ದುರ್ಬೀನಿನಲ್ಲಿ ಶನಿಯ ಬಳೆ ನೋಡಿ ಬಂದವನಿಗೆ, ತಾನೇ ಒಂದನ್ನು ಮಾಡುವ ಹುಚ್ಚು ಹತ್ತಿತು. ಎರಡು ದಪ್ಪ ಗಾಜಿನ ಬಿಲ್ಲೆ ತಂದ. ನಡುವೆ ಒದ್ದೆ ಮರಳಿನಂಥ ಉಜ್ಜುಪುಡಿ ಹಾಕಿ ಒಂದರ ಮೇಲೊಂದನ್ನು ಆಡಿಸುತ್ತ ಹೋದರೆ ಮೇಲಿನದು ತಾನಾಗಿಯೇ ತಗ್ಗಾಗುತ್ತದೆ. ಬಚ್ಚಲುಮನೆಯಿಂದ ಬರುತ್ತಿದ್ದ ಗರಗರ ಸದ್ದಿಗೆ ಭಾವ ಹಲ್ಲು ಕಡಿಯುತ್ತಿದ್ದ. ಪುಡಿ ನುಣುಪಾಗುತ್ತ ಬಂತು, ಕೊನೆಗೆ ರಾಳದ ಪದರದ ಮೇಲೆ ತಿಕ್ಕಿ ಹೊಳಪು ಕೊಟ್ಟ. ಒಂದು ದೀಪ, ಒಂದು ಬ್ಲೇಡು ಇಟ್ಟುಕೊಂಡು ಗಾಜಿನ ಮೇಲೆ ಬೀಳುವ ನೆರಳು ನೋಡಿ, ಎಲ್ಲಿ ಉಬ್ಬಿದೆ, ಎಲ್ಲಿ ಕುಗ್ಗಿದೆ ಎಂದು ತಿದ್ದಿದ. ಲೋಹದ ಲೇಪ ಹಾಕಿಸಿದ ಮೇಲೆ ಅದು ಕನ್ನಡಿಯಾಯಿತು.

ತಾರಸಿಯ ಮೇಲೆ ನಿಲ್ಲಿಸಿದ ಮೊದಲ ಸಂಜೆ ಅಕ್ಕನನ್ನೇ ಕರೆದ. ಅವಳು ಒಂದು ಕಣ್ಣು ಮುಚ್ಚಿ ಬಗ್ಗಿದಳು.

"ಅಯ್ಯೋ, ಬಳೆ ನಿಜವಾಗ್ಲೂ ಇದೆಯಲ್ಲೋ! ನೀನೇ ಮಾಡಿದ್ದೇನೋ ಇದನ್ನ?"

ಅವನು ಹೌದೆಂದು ತಲೆಯಾಡಿಸಿದ.

ಆದರೆ ಆ ಬಗೆಯ ದುರ್ಬೀನಿನಲ್ಲಿ ಒಂದು ತೊಡಕಿದೆ. ಕೊಳವೆಯ ತಳದಲ್ಲಿರುವ ತಗ್ಗು ಕನ್ನಡಿ ಬೆಳಕನ್ನು ಒಟ್ಟುಮಾಡಿ ಮೇಲಕ್ಕೆ ಕಳಿಸುತ್ತದೆ. ಕೊಳವೆಯ ಬಾಯಿಯ ಹತ್ತಿರ ಓರೆಯಾಗಿ ನಿಂತ ಸಣ್ಣ ಕನ್ನಡಿ ಅದನ್ನು ಪಕ್ಕದ ತೂತಿಗೆ ತಿರುಗಿಸುತ್ತದೆ. ಹಾಗಾಗಿ ನೋಡುವವನ ಮುಖ ಆಕಾಶದ ಕಡೆಗಿರುವುದಿಲ್ಲ, ಪಕ್ಕಕ್ಕಿರುತ್ತದೆ. ಅವನ ಮುಖದ ನೇರಕ್ಕೆ ಎದುರು ಕಟ್ಟಡದ ಒಂದು ಅಡುಗೆಮನೆಯ ಕಿಟಕಿಯಿತ್ತು.

ಆ ಮನೆಯಲ್ಲಿ ಲಿಫ್ಟ್ ಮೆಕ್ಯಾನಿಕ್ಕೊಬ್ಬ ಹೊಸದಾಗಿ ಸಂಸಾರ ಹೂಡಿದ್ದ. ಒಂದು ಭಾನುವಾರ ಸಂಜೆ ಅವನು, ಭಾವನಿದ್ದ ಕಟ್ಟಡದ ಸಂಘದ ಅಧ್ಯಕ್ಷ ಮತ್ತು ನಾಲ್ಕಾರು ಜನ ತಾರಸಿಗೆ ಏರಿ ಬಂದರು. ಭಾವನೂ ಹಿಂದೆಯೇ ಬಂದ.

"ದಿನಾ ನಮ್ಮನೆ ಕಡೆ ಏನ್ರೀ ನೋಡ್ತೀರಾ?" ಎಂದ ಮೆಕ್ಯಾನಿಕ್.

"ನಿಮ್ಮನೆ ಅಲ್ಲ ಸ್ವಾಮಿ, ಆಕಾಶ. ಬೆಳಕು ಪಕ್ಕದಿಂದ ಬರುತ್ತೆ. ನೀವೇ ನೋಡಿ."

ಒಬ್ಬೊಬ್ಬರಾಗಿ ಚಂದ್ರನನ್ನು ನೋಡಿದರು. ಕುಳಿಗಳನ್ನು ಕಂಡು ಮೆಕ್ಯಾನಿಕ್ಕಿನ ಮುಖವೂ ಸಡಿಲವಾಯಿತು. ಗಂಡಾಂತರ ಕಳೆಯಿತೆಂದು ಇವನು ಉಸಿರು ಬಿಡುವಷ್ಟರಲ್ಲಿ ಅಧ್ಯಕ್ಷ ಕೊಳವೆಯನ್ನು ಹಿಡಿದು, ಎದುರು ಕಿಟಕಿಗೆ ತಿರುಗಿಸಿ, ಕಣ್ಣಿಟ್ಟ. ಅಷ್ಟು ಹತ್ತಿರದ ನೋಟಕ್ಕೆ ಮಾಡಿದ್ದಲ್ಲ ಅದು. ಆದರೂ ಮಸುಕು ಮಸುಕಾಗಿ, ತಲೆಕೆಳಗಾಗಿ, ಒಲೆಯ ಮುಂದೆ ನಿಂತ ಹೆಂಗಸು ಕಂಡಳು.

"ಕಾಣುತ್ತೆ ಕಣ್ರೀ!" ಎಂದು ಕೂಗಿದ.

"ನಾನು ಯಾವತ್ತೂ ಆ ಕಡೆ ತಿರುಗಿಸಿಲ್ಲ."

"ತಿರುಗಿಸಿದ್ರೆ ಕಾಣುತ್ತೆ ಅಂತಾಯ್ತಲ್ಲ!"

ಪರರ ಮನೆಗೆ ಇಣುಕಿದವನು ಅಲ್ಲಿದ್ದವರ ಪೈಕಿ ಅಧ್ಯಕ್ಷ ಒಬ್ಬನೇ. ಯಾರಿಗೂ ಅದು ಹೊಳೆಯಲಿಲ್ಲ. ಇವನು ಭಾವನ ಕಡೆ ನೋಡಿದ. ಭಾವ ಬಟ್ಟೆ ಒಣಹಾಕುವ ತಂತಿಯನ್ನು ಎಳೆದು ನೋಡುತ್ತಿದ್ದ, ಅದು ಬಿಗಿಯಾಗಿದೆಯೇ ಎಂಬಂತೆ. ಮರುದಿನ ತಾರಸಿ ಬಾಗಿಲಿಗೆ ಬೀಗ ಬಿತ್ತು.

ಅದನ್ನೂ ನುಂಗಿಕೊಳ್ಳುತ್ತಿದ್ದನೇನೋ. ಆ ದಿನ ಊಟಕ್ಕೆ ಬಡಿಸುತ್ತ ಅಕ್ಕ, ಭಾವ ಕೈತೊಳೆಯಲು ಎದ್ದ ಸಮಯ ನೋಡಿ, ಮೆಲ್ಲಗೆ ಕೇಳಿದಳು: "ನನ್ನ ಹತ್ರ ನಿಜ ಹೇಳು. ಒಂದ್ಸಲನೂ ನೋಡಿಲ್ಲ ತಾನೆ?"

ಅವನು ತಟ್ಟೆಯಲ್ಲಿದ್ದುದನ್ನು ಪೂರ್ತಿ ಉಂಡ. ತಟ್ಟೆ ತೊಳೆದಿಟ್ಟ. ವಾರದೊಳಗೆ, ಬೇರೆ ಬೀದಿಯಲ್ಲಿದ್ದ ತನ್ನ ಕೆಲಸದ ಕೋಣೆಯ ಹಿಂದಿನ ಉಗ್ರಾಣಕ್ಕೆ ಹಾಸಿಗೆ ಸಾಗಿಸಿದ. ಅಕ್ಕ ಬಾಗಿಲಲ್ಲಿ ನಿಂತು, "ಒಂದು ಮಾತಿಗೆ ಇಷ್ಟೊಂದಾ?" ಎಂದು ಅತ್ತಳು. ಅವಳ ಮೇಲೆ ಸಿಟ್ಟಿಲ್ಲವೆಂದ. ಅದು ಸುಳ್ಳು. ಕನ್ನಡಿಯನ್ನು ಹಳೆಯ ಟವೆಲಿನಲ್ಲಿ ಸುತ್ತಿ ಕಪಾಟಿನ ತಳಕ್ಕೆ ತಳ್ಳಿದ. ಅಲ್ಲಿ ತೇವ ಹಿಡಿದು ಅಂಚಿನಿಂದ ಲೇಪ ಏಳತೊಡಗಿದಾಗ ಅವನಿಗೆ ಗೊತ್ತಾಯಿತು. ಗೊತ್ತಿದ್ದೂ ಸುಮ್ಮನಿದ್ದ.

ಕೆಲವು ವರ್ಷಗಳ ಮೇಲೆ ಒಂದು ಧೂಮಕೇತು ಬಂತು. ಊರಿಗೆ ಊರೇ ಕತ್ತೆತ್ತಿಕೊಂಡು ಓಡಾಡುವ ಹಾಗಾಯಿತು. ಅಧ್ಯಕ್ಷನೇ ತಾರಸಿಯ ಬೀಗ ತೆಗೆಸಿದ. ಭಾವ ಹುಡುಕಿಕೊಂಡು ಬಂದ.

"ಎಲ್ರೂ ನಿನ್ನನ್ನೇ ಕೇಳ್ತಿದಾರಪ್ಪ. ದುರ್ಬೀನು ತಗೊಂಡು ಬಾ. ನಿಮ್ಮಕ್ಕನೂ ಕಾಯ್ತಿದಾಳೆ."

"ಕನ್ನಡಿ ಲೇಪ ಹೋಗಿದೆ ಭಾವ."

"ಮತ್ತೆ ಹಾಕಿಸೋಕಾಗಲ್ವಾ?"

"ಆಗುತ್ತೆ."

ಭಾವ ಸ್ವಲ್ಪ ಹೊತ್ತು ಬಾಗಿಲ ಚೌಕಟ್ಟು ಸವರುತ್ತ ನಿಂತು, ಹೊರಟುಹೋದ. ಇವನು ದೀಪ ಹಾಕಿಕೊಂಡು ಕೆಲಸಕ್ಕೆ ಕೂತ. ಹೊರಗೆ ಯಾರೋ "ಅಗೋ, ಅಲ್ಲಿ ಬಾಲ!" ಎಂದು ಕೂಗಿದರು. ಎದ್ದು ಹೋಗಿ ಕಿಟಕಿ ಹಾಕಿ ಬಂದ.