ಅಮ್ಮನ ಹುಣ್ಣನ್ನು ಅಳಿಸಿದ ಕ್ಯಾಮೆರಾ

ಗೆಳೆಯರೇ, ನನ್ನ ಹೊಸ ಮೊಬೈಲನ್ನು ಶರಾವತಿಗೆ ಎಸೆಯುವಷ್ಟು ಸಿಟ್ಟು ಬಂದಿದೆ. ಅಮ್ಮನ ಕೆನ್ನೆಯ ಮೇಲೆ ನಾಲ್ಕು ದಿನದಿಂದ ಕೆಂಪು ಹುಣ್ಣು ಹರಡುತ್ತಿದೆ. ಬೆಳಿಗ್ಗೆ ಫೋಟೊ ತೆಗೆದು ಸಾಗರದ ಡಾಕ್ಟರಿಗೆ ಕಳಿಸಿದೆ. "ಎಂತದೂ ಕಾಣ್ತಿಲ್ವಲ್ರೀ," ಅಂದರು. ನೋಡಿದರೆ ಕ್ಯಾಮೆರಾ ತಾನಾಗಿಯೇ ಹುಣ್ಣನ್ನು ಅಳಿಸಿ, ಕೆನ್ನೆಗೆ ಗುಲಾಬಿ ಬಣ್ಣ ಬಳಿದಿದೆ!

ಮೊಬೈಲ್ ಕೊಂಡ ಹೊಸನಗರದ ಅಂಗಡಿಗೇ ಹೋಗಿ, "ಇದನ್ನ ಮೊದ್ಲು ತೆಗೀರಿ," ಎಂದು ಕೂಗಾಡಿದೆ. ಅಂಗಡಿಯವನು ಅರ್ಧ ಗಂಟೆ ಮೆನು ತಡಕಾಡಿದ. "ಆಫ್ ಮಾಡೋದು ಎಲ್ಲಿ ಅಂತ ನಂಗೂ ಗೊತ್ತಿಲ್ಲ ಮೇಡಂ. ಆದ್ರೆ ಭಾರಿ ಒಳ್ಳೆ ಫೀಚರ್, ಎಲ್ಲಾರೂ ಇದನ್ನೇ ಕೇಳ್ತಾರೆ," ಅಂದ.

ಕೊನೆಗೆ ಅಮ್ಮನನ್ನೇ ಬಸ್ಸು ಹತ್ತಿಸಿ ಸಾಗರಕ್ಕೆ ಕರೆದೊಯ್ದೆ. "ಇಷ್ಟು ದಿನ ಎಂತ ಮಾಡ್ತಿದ್ರಿ?" ಎಂದು ಡಾಕ್ಟರು ನನ್ನನ್ನೇ ಗದರಿದರು.

ಅಮ್ಮನಿಗೆ ಔಷಧಿ ಕೇಳಿದ್ದೆ ಮಾರಾಯ್ರೆ, ವರ ಹುಡುಕುತ್ತಿರಲಿಲ್ಲ!